ದೂರದ ಬೆಟ್ಟ ನುಣ್ಣಗಿಲ್ಲ

ಕಳೆದ ವಾರ ಬೆಂಗಳೂರಿನ ಗವಿಪುರದ ಮನೆಗೆ ಬಂದಾಗ ಅಮ್ಮ ಅಟ್ಟದಿಂದ ಇಳಿಸಿದ ಹಳೆಯ ಸೂಟ್‌ಕೇಸನ್ನು ನನ್ನ ಮುಂದಿಟ್ಟು, ‘ಒಯ್ಯುವುದಾದರೆ ಒಯ್ಯಿ, ಇಲ್ಲದಿದ್ದರೆ ಹಳೇ ಪೇಪರಿನವನಿಗೆ ಹಾಕುತ್ತೇನೆ’ ಎಂದರು. ಒಳಗೆ ಹದಿನೇಳು ಸ್ಕೆಚ್ ಪುಸ್ತಕಗಳು. ಹಿಮಾಚಲದ ಕುಲ್ಲು ಕಣಿವೆಗೆ ಮನೆ ಬದಲಾಯಿಸುವ ಮೊದಲು ಇದೇ ಊರಿನಲ್ಲಿ ಬಿಡಿಸಿದವು. ನೆಲದ ಮೇಲೆ ಕುಳಿತು ಎಲ್ಲವನ್ನೂ ತಿರುವಿ ಹಾಕಿದೆ. ಅದಕ್ಕೇ ಇವತ್ತು ಈ ಮಾತು. ಚಿತ್ರ ಬಿಡಿಸುವುದಕ್ಕೆಂದು ಬೆಟ್ಟಕ್ಕೆ ಹೋಗಬೇಡಿ. ಬೆಟ್ಟ ಬೇಕೆನ್ನಿಸಿದರೆ ಖಂಡಿತ ಹೋಗಿ. ಇವೆರಡೂ ಬೇರೆ ಬೇರೆ ಆಸೆಗಳು, ಒಂದೇ ರೈಲಿನಲ್ಲಿ ಪ್ರಯಾಣ ಮಾಡುತ್ತವೆ ಅಷ್ಟೇ.

ಕೆಲಸ ಬಿಟ್ಟೆ, ಹಿಮಾಲಯ ಸೇರಿದೆ, ನನ್ನೊಳಗಿನ ಕಲಾವಿದ ಎಚ್ಚರಗೊಂಡ ಎನ್ನುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ನನ್ನೊಳಗಿನ ಕಲಾವಿದ ಅಲ್ಲಿ ಮೊದಲ ನಾಲ್ಕು ತಿಂಗಳು ಎರಡು ಕಂಬಳಿ ಹೊದ್ದು ಮಲಗಿದ್ದ. ನಾನು ಹವ್ಯಾಸಿ. ಲೆಕ್ಕಪತ್ರ ನೋಡಿ ಹೊಟ್ಟೆ ಹೊರೆಯುವವನು, ಈಗಲೂ ಅದೇ ಕೆಲಸವನ್ನು ದೂರದಿಂದ ಮಾಡುತ್ತೇನೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ದೆಹಲಿಯಿಂದ ಬಸ್ಸಿನಲ್ಲಿ ಇನ್ನೊಂದು ರಾತ್ರಿ. ಮೂರು ರಾತ್ರಿಯಲ್ಲಿ ಕೈ ಬದಲಾಗುವುದಿಲ್ಲ.

‘ದೂರದ ಬೆಟ್ಟ ನುಣ್ಣಗೆ’ ಎನ್ನುತ್ತೇವಲ್ಲ, ಅದು ಬರೀ ಗಾದೆಯಲ್ಲ, ಜಲವರ್ಣದ ಮೊದಲ ಪಾಠ. ಗಾಳಿಯೂ ಅದರಲ್ಲಿರುವ ತೇವ, ಧೂಳೂ ಬೆಳಕನ್ನು ಚದುರಿಸುವುದರಿಂದ ದೂರದ್ದು ತೆಳ್ಳಗೆ, ನೀಲಿಯಾಗಿ ಕಾಣುತ್ತದೆ. ಬಣ್ಣಕ್ಕೆ ಒಂದಿಷ್ಟು ಹೆಚ್ಚು ನೀರು ಬೆರೆಸಿದರೆ ನಂದಿ ಬೆಟ್ಟ ತಾನಾಗಿಯೇ ಹಿಂದೆ ಸರಿಯುತ್ತದೆ. ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ಮಳೆ ನಿಂತ ಮರುದಿನ ಬೆಳಿಗ್ಗೆ ಈ ಉಪಾಯ ನನಗೆ ಕೈಕೊಟ್ಟಿತು. ತೊಳೆದಿಟ್ಟಂಥ ಗಾಳಿ. ಹತ್ತಿರದ ದೇವದಾರು ಕಾಡು ಮಂಕಾಗಿ ನಿಂತಿದೆ, ಅದರಾಚೆಯ ಹಿಮಶಿಖರದ ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟ. ಶಿಖರ ಪಕ್ಕದ ಮನೆಯ ಮಾಡಿನ ಮೇಲೇ ಕುಳಿತಂತಿತ್ತು. ಆ ದಿನ ಹರಿದ ಕಾಗದಗಳಿಗೆ ಲೆಕ್ಕವಿಲ್ಲ.

ಸರಿ, ಕ್ಯಾಮೆರಾ ಹಿಡಿಯೋಣ ಎಂದುಕೊಂಡೆ. ಅದಕ್ಕೂ ಅದರದೇ ಹಟ. ಎದುರಿಗಿರುವುದೆಲ್ಲ ಸರಾಸರಿ ಬೂದುಬಣ್ಣ ಎಂದುಕೊಂಡೇ ಅದು ಬೆಳಕನ್ನು ಅಳೆಯುತ್ತದೆ. ಹಾಗಾಗಿ ಬಿಳಿ ಹಿಮವನ್ನೂ ಮಂಕು ಮಾಡುತ್ತದೆ, ನನ್ನ ಮೊದಲ ಹಿಮದ ಫೋಟೊಗಳೆಲ್ಲ ನೀಲಿ ಹೆಚ್ಚಾಗಿ ಹಾಕಿ ಒಗೆದ ಪಂಚೆಯಂತೆ ಬಂದವು. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಬೇಕೆಂದೇ ಒಂದೂವರೆ ಸ್ಟಾಪ್ ಏರಿಸಿದ ಮೇಲೆ ಹಿಮ ಬೆಳ್ಳಗಾಯಿತು. ಚಳಿಗೆ ಬ್ಯಾಟರಿ ಸೋಲುತ್ತದೆ, ಅದನ್ನು ಅಂಗಿಯ ಒಳಜೇಬಿನಲ್ಲಿ ಮಗುವಿನಂತೆ ಬೆಚ್ಚಗಿಟ್ಟುಕೊಳ್ಳಬೇಕು. ಇಷ್ಟು ಕಲಿತರೆ ಯಾರು ತೆಗೆದರೂ ಚೆನ್ನಾಗಿ ಬರುತ್ತದೆ, ನನಗೆ ಇರುವ ತಕರಾರೂ ಅದೇ. ಮೆಚ್ಚುಗೆ ಬೆಟ್ಟಕ್ಕೆ ಸಲ್ಲಬೇಕು, ಜಂಬ ಮಾತ್ರ ನಮ್ಮದು. ಜನವರಿಯ ಒಂದು ಮುಂಜಾನೆ ಜಗಲಿಯಲ್ಲಿ ಬಣ್ಣ ಹಚ್ಚುತ್ತಿದ್ದೆ. ನೀರು ಕಾಗದದ ಮೇಲೆಯೇ ಹೆಪ್ಪುಗಟ್ಟಿ ಜರೀಗಿಡದ ಎಲೆಗಳಂಥ ಗೆರೆಗಳು ಮೂಡಿದವು. ಅಲ್ಲಿ ನನ್ನ ಕಾಗದದ ಮೇಲೆ ಆದ ಅತ್ಯುತ್ತಮ ಚಿತ್ರ ಅದು, ನಾನು ಬಿಡಿಸಿದ್ದಲ್ಲ.

ರಷ್ಯಾದ ಚಿತ್ರಕಾರ ರೋರಿಕ್ ಉದಾಹರಣೆ ಕೊಡುವವರು ಇದ್ದಾರೆ. ನಿಕೊಲಾಯ್ ರೋರಿಕ್ 1928ರಲ್ಲಿ ನಗ್ಗರ್‌ಗೆ ಬಂದು, 1947ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದು ಬೆಟ್ಟಗಳನ್ನೇ ಬಿಡಿಸಿದರು, ನಿಜ. ಆದರೆ ಬರುವಾಗಲೇ ಅವರಿಗೆ ಐವತ್ತು ದಾಟಿತ್ತು, ರಷ್ಯಾದಲ್ಲಿ ಅದಾಗಲೇ ಹೆಸರು ಮಾಡಿದ್ದರು. ಅವರ ಮಗ ಸ್ವೆತೊಸ್ಲಾವ್ ಹಿಡಿದದ್ದು ತದ್ವಿರುದ್ಧ ದಾರಿ. ಆ ಹಿಮಾಲಯವನ್ನು ಬಿಟ್ಟು, ಪತ್ನಿ, ನಟಿ ದೇವಿಕಾ ರಾಣಿಯವರೊಂದಿಗೆ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು, 1993ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅಪ್ಪ ಮಗ ಇಬ್ಬರ ಚಿತ್ರಗಳೂ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿವೆ. ಅಂದರೆ ಹಿಮಾಲಯ ನೋಡಲು ನಾನು ಮೊದಲು ಹೋದದ್ದು ಶಿವಾನಂದ ವೃತ್ತದ ಪಕ್ಕಕ್ಕೆ. ಇನ್ನು ನಮ್ಮ ರುಮಾಲೆ ಚನ್ನಬಸವಯ್ಯನವರು ಈ ಊರಿನ ಹೂಬಿಟ್ಟ ಮರಗಳ ಕೆಳಗೇ ನಿಂತು ಬಣ್ಣ ಹಾಕಿದವರು. ಬೆಟ್ಟದ ಹಿರಿತನದ ಮಾತೇ ಆದರೆ, ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಹಿಮಾಲಯ ಮೇಲೇಳತೊಡಗಿ ಸುಮಾರು 5 ಕೋಟಿ. ನಾನು ಪೆನ್ಸಿಲ್ ಹಿಡಿಯಲು ಕಲಿತದ್ದು ಆ ಅಜ್ಜನ ಬೆನ್ನ ಮೇಲೆ ಕುಳಿತು.

ಮತ್ತೆ ಸೂಟ್‌ಕೇಸಿಗೆ ಬರುತ್ತೇನೆ. ಒಂಬತ್ತನೆಯ ಪುಸ್ತಕದ ತುಂಬ ಗಾಂಧಿ ಬಜಾರಿನ ಹೂ ಕಟ್ಟುವ ಕೈಗಳು. ಒಂದು ಪುಟದ ಮೂಲೆ ನೀರು ಬಿದ್ದು ಉಬ್ಬಿದೆ. ಆ ದಿನ ಹೂವಿನಮ್ಮ ಇಣುಕಿ ನೋಡಿ, ‘ದಾರ ಈ ಬೆರಳಿನ ಮೇಲೆ ಬರುತ್ತದೆ, ನೀನು ಹಾಕಿದಂತೆ ಕಟ್ಟಿದರೆ ಮೊಳ ಮುಗಿಯುವುದರೊಳಗೆ ಮಲ್ಲಿಗೆ ಉದುರುತ್ತದೆ’ ಎಂದು ಒದ್ದೆ ಬೆರಳಿಟ್ಟು ತೋರಿಸಿದ್ದರು. ಆ ಗುರುತು ಅದು. ಪಕ್ಕದಲ್ಲೇ ತಿದ್ದಿ ಬಿಡಿಸಿದ ಕೈ ಇದೆ. ಹಿಮಶಿಖರದ ಒಂದು ಚಿತ್ರಕ್ಕೂ ಅಷ್ಟು ಜೀವ ಬಂದಿಲ್ಲ. ಶಿಖರ ಯಾವತ್ತೂ ತಪ್ಪು ತೋರಿಸಲಿಲ್ಲ ನೋಡಿ.

ಹಾಗೆಂದು ನಾನು ಮರಳಿ ಬರುತ್ತಿಲ್ಲ. ಅಲ್ಲಿನ ಬೆಳಿಗ್ಗೆಗಳು ನನಗೆ ಬೇಕು, ಚಿತ್ರದ ನೆಪ ಬೇಕಿಲ್ಲ. ಈಚೆಗೆ ಶಿಖರಗಳ ಸಹವಾಸ ಬಿಟ್ಟು, ಪಕ್ಕದ ಮನೆಯಾಕೆ ಹುಲ್ಲು ಹೊರುವ ಕಿಲ್ಟಾ ಎಂಬ ಬೆನ್ನುಬುಟ್ಟಿಯನ್ನು ಬಿಡಿಸುತ್ತಿದ್ದೇನೆ. ನನ್ನ ಹಿಮದ ಚಿತ್ರಗಳಿಗೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದ ಆಕೆ ಮೊನ್ನೆ ಪುಸ್ತಕವನ್ನು ಕಿತ್ತುಕೊಂಡು, ಹಗ್ಗ ಬಿಗಿದ ಜಾಗ ತಪ್ಪು ಎಂದು ಬೈದರು. ಸರಿಮಾಡಿ ತೋರಿಸುವುದು ಬಾಕಿಯಿದೆ. ಶುಕ್ರವಾರ ರೈಲು. ಅಷ್ಟರೊಳಗೆ ಸೂಟ್‌ಕೇಸ್ ಅಟ್ಟದ ಮೇಲೇ ಇರಲಿ ಎಂದು ಅಮ್ಮನನ್ನು ಒಪ್ಪಿಸಬೇಕು. ಒಂಬತ್ತನೆಯದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಿದ್ದೇನೆ.