ಬಿಟ್ಟುಹೋದ ಒಂದು ಸೊನ್ನೆ

ಕೇಳುಗರಿಗೆ ನಮಸ್ಕಾರ.

ಗಣಿತದ ಪುಸ್ತಕಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಮೇಷ್ಟ್ರಲ್ಲ. ದಾವಣಗೆರೆಯ ಒಂದು ದಲ್ಲಾಳಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಬಂದ ಅಂಕವನ್ನು ರೇಡಿಯೋದಲ್ಲಿ ಹೇಳದಿರುವುದೇ ಒಳ್ಳೆಯದು.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ರೈತರಿಗೆ ಪಟ್ಟಿ ಬರೆದುಕೊಟ್ಟೆ. ಪಟ್ಟಿ ಅಂದರೆ ನಿಮಗೆ ಗೊತ್ತಲ್ಲ, ಮಾಲು ಎಷ್ಟು ತೂಗಿತು, ರೇಟೆಷ್ಟು, ಹಮಾಲಿ ಎಷ್ಟು ಎಂದೆಲ್ಲ ಬರೆದು, ಕೊನೆಗೆ ರೈತರ ಕೈಗೆ ಬರುವ ಹಣ ತೋರಿಸುವ ಚೀಟಿ. 4050 ಎಂದು ಬರೆಯಬೇಕಿತ್ತು. 450 ಎಂದು ಬರೆದಿದ್ದೆ. ಅವರು ಚೀಟಿ ಹಿಡಿದು ನಿಂತೇ ಇದ್ದರು. "ಯಾಕೋ ಕಮ್ಮಿ ಐತಲ್ರೀ" ಅಂದರು ಅಷ್ಟೆ. ಜೋರು ಮಾಡಿದವರು ಸಾಹುಕಾರರು. ನಾನು ಗಾಬರಿಯಲ್ಲಿ, "ಒಂದು ಸೊನ್ನೆ ಬಿಟ್ಟುಹೋಯ್ತು, ಅಷ್ಟೇ ಅಲ್ವಾ" ಅಂದುಬಿಟ್ಟೆ. "ಆ ಸೊನ್ನೆ ಬೆಲೆ 3600 ರೂಪಾಯಿ ಕಣೋ" ಅಂದರು.

ಆ ಮಾತು ತಲೆಯಲ್ಲಿ ಕೂತಿತು. ಏನೂ ಇಲ್ಲ ಅಂತ ಹೇಳುವ ಗುರುತಿಗೆ 3600 ರೂಪಾಯಿ ಹೇಗೆ ಬಂತು? ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಒಂದು ಹಳೆ ಪುಸ್ತಕದಿಂದ. ಬಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ಸೇರಿ ಬರೆದ ಹಿಂದೂ ಗಣಿತದ ಚರಿತ್ರೆ. ಮೊದಲ ಭಾಗ ಬಂದಿದ್ದು 1935ರಲ್ಲಿ. ಇಂಗ್ಲಿಷ್ ಪುಸ್ತಕ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದೆ. ದಿನಕ್ಕೆ ಎರಡು ಪುಟ ಆದರೆ ಹೆಚ್ಚು. ಹಳೆಯ ಕಾಲದಲ್ಲಿ ಅಂಕಿಗಳನ್ನು ಹೇಗೆ ಬರೆಯುತ್ತಿದ್ದರು ಎಂಬುದನ್ನು ಅದರಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಾರೆ. ಅಲ್ಲಿಂದ ಹುಚ್ಚು ಹತ್ತಿತು. ಆ ಹುಚ್ಚು ನನ್ನನ್ನು ತಂದು ನಿಲ್ಲಿಸಿದ್ದು ಚಿತ್ರದುರ್ಗ ಜಿಲ್ಲೆಯ ಒಂದು ಬಂಡೆಯ ಮುಂದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಅಲ್ಲಿದೆ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಧರ್ಮ, ಅಪ್ಪ ಅಮ್ಮನ ಮಾತು ಕೇಳುವುದು ಇದೆಲ್ಲ ಅದರಲ್ಲಿದೆ, ಸರಿ. ಆದರೆ ಅದರಲ್ಲಿ ಒಂದು ಸಂಖ್ಯೆಯೂ ಇದೆ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. 256. ಅಕ್ಷರದಲ್ಲಲ್ಲ, ಅಂಕಿಯಲ್ಲಿ! ಅಶೋಕ ಪ್ರವಾಸದಲ್ಲಿ ಕಳೆದ 256 ರಾತ್ರಿ ಅದು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಪಂಡಿತರು ಅದರ ಮೇಲೆ ಬೇಕಾದಷ್ಟು ಜಗಳವಾಡಿದ್ದಾರೆ. ನನಗೆ ಬೇಕಾಗಿದ್ದು ರಾತ್ರಿಗಳಲ್ಲ, ಬರೆದ ರೀತಿ.

ಅಲ್ಲಿ ಎರಡು, ಐದು, ಆರು ಎಂದು ಸಾಲಾಗಿ ಬರೆದಿಲ್ಲ. ಇನ್ನೂರಕ್ಕೆ ಒಂದು ಗುರುತು. ಐವತ್ತಕ್ಕೆ ಬೇರೆ ಗುರುತು. ಆರಕ್ಕೆ ಇನ್ನೊಂದು. ನಾವು ಬಾಯಲ್ಲಿ "ಇನ್ನೂರ ಐವತ್ತಾರು" ಅಂತೀವಲ್ಲ, ಹಾಗೇ ಕಲ್ಲಿನ ಮೇಲೆ. ಈಗ ಯೋಚನೆ ಮಾಡಿ. ಈ ಪದ್ಧತಿಯಲ್ಲಿ 250 ಬರೆಯಬೇಕಾದರೆ ಇನ್ನೂರು, ಐವತ್ತು ಎರಡೇ ಗುರುತು. 206 ಬರೆಯಬೇಕಾದರೆ ಇನ್ನೂರು, ಆರು. ಸೊನ್ನೆಯ ಕೆಲಸವೇ ಇಲ್ಲ! ಸೊನ್ನೆ ಬೇಕಾಗುವುದು ಅಂಕಿಯ ಬೆಲೆಯನ್ನು ಅದು ಕೂತ ಜಾಗ ತೀರ್ಮಾನ ಮಾಡುವಾಗ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿ ಹೋಗುತ್ತಾರಲ್ಲ, ಹಾಗೆ. ಸೀಟಿನಲ್ಲಿ ಯಾರೂ ಇಲ್ಲ, ಆದರೆ ಜಾಗ ಹಿಡಿದಿದೆ. ಟವೆಲ್ ತೆಗೆದರೆ ಪಕ್ಕದವನು ಬಂದು ಕೂತುಬಿಡುತ್ತಾನೆ. ನನ್ನ ಪಟ್ಟಿಯಲ್ಲಿ ಆಗಿದ್ದು ಅದೇ. ನಾಲ್ಕು ಸಾವಿರ ಜಾರಿ ನಾನೂರಾಗಿತ್ತು.

ಆ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ. ಚಪಡ. ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಎಂಬ ಬೇರೆ ಲಿಪಿಯಲ್ಲಿ ಬರೆದಿದ್ದಾನೆ. ಗುಮಾಸ್ತನ ಶೋಕಿ! ನಾನೂ ಗುಮಾಸ್ತನೇ ನೋಡಿ, ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅವನ ಪದ್ಧತಿಯಲ್ಲಿ ಸೊನ್ನೆ ಬಿಟ್ಟು ಬೈಸಿಕೊಳ್ಳುವ ಭಯವಿರಲಿಲ್ಲ.

ಮುಂದೆ ಸೊನ್ನೆಗೆ ನಿಯಮ ಬರೆದವನು ಬ್ರಹ್ಮಗುಪ್ತ, 628ರಲ್ಲಿ. ಅವನ ಮಾತು ನಮ್ಮ ಅಂಗಡಿಯ ಮಾತೇ: ಧನ, ಋಣ. ಎರಡೂ ಸಮ ಇದ್ದರೆ ಕೂಡಿದಾಗ ಶೂನ್ಯ. ಕಿರ್ದಿ ಬರೆದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದೂ ಬರೆದ. ಅದು ತಪ್ಪು. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯರು, 850ರ ಸುಮಾರಿಗೆ, 'ಗಣಿತಸಾರಸಂಗ್ರಹ'ದಲ್ಲಿ ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದರು. ಅದೂ ತಪ್ಪು. ಆದರೆ ಎಂಥ ಚಂದದ ತಪ್ಪು! ಪಾಲು ಕೇಳುವವರೇ ಇಲ್ಲದಿದ್ದರೆ ಇದ್ದದ್ದು ಇದ್ದ ಹಾಗೇ ಇರುತ್ತೆ ಅಂತ ನನಗೂ ಅನ್ನಿಸಿತ್ತು. ತಾಳೆ ನೋಡಿದಾಗ ಬಣ್ಣ ಬಯಲು. 12ನ್ನು 4ರಿಂದ ಭಾಗಿಸಿದರೆ 3, ತಿರುಗಿ ಗುಣಿಸಿದರೆ ಮೂರ್ ನಾಕ್ಲೆ ಹನ್ನೆರಡು. 12ನ್ನು ಸೊನ್ನೆಯಿಂದ ಭಾಗಿಸಿದರೆ 12 ಅನ್ನಿ. ತಿರುಗಿ ಗುಣಿಸಿ. ಸೊನ್ನೆ! ಹನ್ನೆರಡು ಎಲ್ಲಿ ಹೋಯಿತು?

ಪಠ್ಯಪುಸ್ತಕದಲ್ಲಿ ಈ ತಪ್ಪುಗಳೆಲ್ಲ ಇರುವುದಿಲ್ಲ. "ಸೊನ್ನೆಯಿಂದ ಭಾಗಿಸುವಂತಿಲ್ಲ" ಎಂಬ ಒಂದು ಸಾಲು, ಮುಗೀತು. ಮಹಾವೀರಾಚಾರ್ಯರಂಥವರೇ ಎಡವಿದ ಜಾಗ ಅದು ಅಂತ ಅವತ್ತೇ ಗೊತ್ತಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಹಾಗಂತ ಚರಿತ್ರೆಯ ಹೆಸರಿನಲ್ಲಿ ಬರೆದದ್ದನ್ನೆಲ್ಲ ನಂಬಬೇಡಿ. ಮುಂದೆ ದೊಡ್ಡ ಗಣಿತಜ್ಞನಾದ ಗೌಸ್ ಎಂಬ ಹುಡುಗನ ಕಥೆ ನೀವು ಕೇಳಿರುತ್ತೀರಿ. ಮೇಷ್ಟ್ರು ಒಂದರಿಂದ ನೂರರವರೆಗೆ ಕೂಡಿ ಅಂದರು, ಹುಡುಗ ಕ್ಷಣದಲ್ಲಿ 5050 ಅಂದ. ಗೌಸ್ ತೀರಿಕೊಂಡ ಮರುವರ್ಷ, 1856ರಲ್ಲಿ, ಅವನ ಸ್ನೇಹಿತ ಬರೆದ ನೆನಪಿನ ಪುಸ್ತಕದಲ್ಲಿ ಒಂದರಿಂದ ನೂರು ಎಂಬುದೇ ಇಲ್ಲ. ಸಾಲಾಗಿ ಬರುವ ಸಂಖ್ಯೆಗಳನ್ನು ಕೂಡುವ ಲೆಕ್ಕ ಅಂತ ಮಾತ್ರ ಇದೆ. 1937ರಲ್ಲಿ ಇ. ಟಿ. ಬೆಲ್ ಗಣಿತಜ್ಞರ ಜೀವನಕಥೆಗಳ ಪುಸ್ತಕ ಬರೆದರು. ಅದರಲ್ಲಿ ಲೆಕ್ಕ 81297ರಿಂದ ಶುರುವಾಗುತ್ತದೆ! ನಮ್ಮೂರ ಕಟ್ಟೆಯ ಮೇಲೆ ಹಾವಿನ ಉದ್ದ ಬೆಳೆಯುತ್ತಲ್ಲ, ಹಾಗೆ. ಬೆಲ್ ಬರೆದದ್ದು ಓದಲು ಬಲು ಸೊಗಸು. ಅದಕ್ಕೇ ಜಾಸ್ತಿ ಹುಷಾರಾಗಿರಬೇಕು. ನನ್ನ ದಾರಿ ಇಷ್ಟೇ: ಪುಸ್ತಕದಲ್ಲಿ ಕಥೆ ಬಂದರೆ ಸುಮ್ನೆ ಓದಿಕೊಂಡು ಹೋಗುತ್ತೇನೆ, ಲೆಕ್ಕ ಬಂದರೆ ನಿಲ್ಲಿಸಿ ಮಾಡಿ ನೋಡುತ್ತೇನೆ.

ಈಗ ಒಂದು ಮಾಡೋಣ. ಕಾಗದ, ಪೆನ್ಸಿಲ್ ತಗೊಳ್ಳಿ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಕಪ್ರೇಕರ್ ಎಂಬ ಶಾಲಾ ಮೇಷ್ಟ್ರಿದ್ದರು. ಅಮೆರಿಕದಲ್ಲಿ ಗಣಿತದ ಆಟಗಳ ಬಗ್ಗೆ ಬರೆಯುತ್ತಿದ್ದ ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರದೇಶದಲ್ಲೂ ಅವರ ಹೆಸರು ಓಡಾಡಿತು. ಅವರು ಕಂಡುಕೊಂಡ ಆಟ ಇದು. ರಸ್ತೆಯಲ್ಲಿ ಹೋಗುವ ಕೆಎ 17ರ ಯಾವುದೋ ಗಾಡಿಯ ನಾಲ್ಕು ಅಂಕಿ ಹಿಡಿಯಿರಿ. 3524 ಅನ್ನೋಣ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, 5432. ತಿರುಗಿಸಿ, 2345. ಕಳೆಯಿರಿ, 3087. ಮತ್ತೆ ಜೋಡಿಸಿ, 8730. ತಿರುಗಿಸಿದರೆ 0378. ಕಳೆದರೆ 8352. ಮತ್ತೆ, 8532ರಲ್ಲಿ 2358 ಕಳೆಯಿರಿ. 6174. ಇನ್ನೂ ಮುಂದುವರಿಸಿ ನೋಡಿ, 7641ರಲ್ಲಿ 1467 ಕಳೆದರೆ ಮತ್ತೆ 6174. ಅಲ್ಲೇ ಸುತ್ತುತ್ತೆ.

ನಾಲ್ಕೂ ಒಂದೇ ಅಂಕಿ ಇರುವ ನಂಬರ್ ಬೇಡ, 7777 ಥರ. ಉಳಿದ ಯಾವುದಾದರೂ ಸರಿ, ಏಳು ಸಲದೊಳಗೆ 6174ಕ್ಕೆ ಬರಲೇಬೇಕು. ಬರದಿದ್ದರೆ ಮಧ್ಯದಲ್ಲಿ ಎಲ್ಲೋ ಒಂದು ಸೊನ್ನೆ ಬಿಟ್ಟಿರುತ್ತೀರಿ. ಹಿಂದಕ್ಕೆ ಹೋಗಿ ಹುಡುಕಿ.

ನಮಸ್ಕಾರ.