641 ಅಡಗಿದ್ದ ಸಂಖ್ಯೆ

ಕೇಳುಗರೇ, ಪೆನ್ಸಿಲ್ ಹತ್ತಿರದಲ್ಲಿದ್ದರೆ ಈ ಸಂಖ್ಯೆ ಬರೆದುಕೊಳ್ಳಿ: 429 ಕೋಟಿ 49 ಲಕ್ಷ 67 ಸಾವಿರದ 297. ಒಂದೊಂದೇ ಅಂಕೆ ಹೇಳುತ್ತೇನೆ. ನಾಲ್ಕು, ಎರಡು, ಒಂಬತ್ತು, ನಾಲ್ಕು, ಒಂಬತ್ತು, ಆರು, ಏಳು, ಎರಡು, ಒಂಬತ್ತು, ಏಳು.

ಇದು ಹುಟ್ಟುವ ಬಗೆ ತುಂಬಾ ಸರಳ. ಎರಡಕ್ಕೆ ಒಂದು ಕೂಡಿಸಿದರೆ ಮೂರು. ಎರಡರ ವರ್ಗ ನಾಲ್ಕು, ಒಂದು ಕೂಡಿಸಿದರೆ ಐದು. ನಾಲ್ಕರ ವರ್ಗ 16, ಅಲ್ಲಿಂದ 17. ಹೀಗೇ ವರ್ಗ ಮಾಡುತ್ತಾ ಹೋದರೆ 257, ಆಮೇಲೆ 65,537. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಇನ್ನೊಂದು ಹೆಜ್ಜೆ ಇಡಿ: 65,536ರ ವರ್ಗಕ್ಕೆ ಒಂದು ಕೂಡಿಸಿ. ನೀವು ಬರೆದುಕೊಂಡ ಸಂಖ್ಯೆ ಬಂತು, ಅಲ್ವಾ?

ಸಾಲಿನಲ್ಲಿ ಮುಂದೆ ಬರುವುದೆಲ್ಲ ಅವಿಭಾಜ್ಯವೇ ಎಂದು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ನಂಬಿದ್ದರು. ಅದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ಪತ್ರದಲ್ಲಿ ಒಪ್ಪಿಕೊಂಡೂ ಇದ್ದರು. ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. 1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಈ ವಿಷಯವನ್ನು ಪತ್ರ ಬರೆದು ಇನ್ನೊಬ್ಬ ಗಣಿತಜ್ಞ ಆಯ್ಲರ್ ಗಮನಕ್ಕೆ ತಂದರು. 1732ರ ಹೊತ್ತಿಗೆ ಆಯ್ಲರ್ ಉತ್ತರ ಸಿದ್ಧವಿತ್ತು: ಇದು 641ರಿಂದ ಭಾಗವಾಗುತ್ತದೆ!

ನೀವೇ ನೋಡಿ. 641ರಿಂದ ಭಾಗಿಸಿದರೆ ಬರುವುದು 67 ಲಕ್ಷದ 417. ಅದನ್ನು ಮೊದಲು 600ರಿಂದ ಗುಣಿಸಿ: 402 ಕೋಟಿ 2 ಲಕ್ಷ 50 ಸಾವಿರದ 200. ಆಮೇಲೆ 40ರಿಂದ: 26 ಕೋಟಿ 80 ಲಕ್ಷ 16 ಸಾವಿರದ 680. ಇವೆರಡಕ್ಕೂ 67 ಲಕ್ಷದ 417 ಸೇರಿಸಿ. ಒಂದಂಕೆಯೂ ಆಚೀಚೆ ಆಗದೆ ನಮ್ಮ ಸಂಖ್ಯೆ ಸಿಗುತ್ತದೆ.

641 ಸಿಕ್ಕಿದ್ದಾದರೂ ಹೇಗೆ? ಸುಮ್ನೆ ಒಂದೊಂದನ್ನೇ ಭಾಗಿಸಿ ನೋಡುವುದಾದರೆ, ವರ್ಗಮೂಲದವರೆಗೆ 6,542 ಅವಿಭಾಜ್ಯಗಳಿವೆ. ಆಯ್ಲರ್ ಮುಂದೆ ಒಂದು ಪ್ರಬಂಧದಲ್ಲಿ ತೋರಿಸಿದ ದಾರಿ ಬೇರೆ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ ಶೇಷ ಒಂದು ಉಳಿಯಲೇಬೇಕು. ಅಂಥವು ಎಷ್ಟು ಸಿಗುತ್ತವೆ? 193, 257, 449, 577, ಆಮೇಲೆ 641. ಐದನೆಯದಕ್ಕೇ ಬಾಗಿಲು ತೆರೆಯಿತು. ನಾನು ಮೊದಲ ಸಲ ಇದನ್ನು ಕಾಗದದ ಮೇಲೆ ಮಾಡಿದಾಗ ಸಂತೋಷಕ್ಕೆ ಎದ್ದು ನಿಂತುಬಿಟ್ಟೆ.

641ನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಅದು ಐದು ಸಲ 128, ಜೊತೆಗೆ ಒಂದು. ಅದೇ 641 ಅಂದರೆ 625 ಮತ್ತು 16 ಕೂಡ. 625 ಐದರ ನಾಲ್ಕನೇ ಘಾತ, 16 ಎರಡರ ನಾಲ್ಕನೇ ಘಾತ. ಈ ಎರಡು ಗುಟ್ಟುಗಳಷ್ಟೇ ಸಾಕು, ದೊಡ್ಡ ಭಾಗಾಕಾರ ಮಾಡದೆಯೇ 641 ಭಾಗಿಸುತ್ತದೆ ಎಂದು ಸಾಧಿಸಬಹುದು. ಈ ಸಂಜೆ ಪ್ರಯತ್ನಿಸಿ ನೋಡಿ.

ಮೂರನ್ನು ಮೊದಲನೆಯದೆಂದು ಎಣಿಸಿದರೆ ನಮ್ಮದು ಆರನೆಯದು. ಅಲ್ಲಿಂದ 33ನೆಯದರವರೆಗೆ ಒಂದೂ ಅವಿಭಾಜ್ಯವಲ್ಲ ಎಂದು ಗೊತ್ತಾಗಿದೆ. 34ನೆಯದರಲ್ಲಿ 258 ಕೋಟಿಗೂ ಜಾಸ್ತಿ ಅಂಕೆಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.