ಮಗು ಕೂರುವ ಮೊದಲೇ ನಮ್ಮ ಕೆಲಸ ಮುಗಿದಿರಲಿ
(ಕಾರವಾರದಲ್ಲಿ ಅಂಗನವಾಡಿ ಅಕ್ಕೋರು ಮತ್ತು ಪಾಲಕರ ಎದುರು ಮಾಡಿದ ಉಪನ್ಯಾಸ)

ಅಕ್ಕೋರೇ, ಮಾಸ್ತರೇ, ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದಿರುವ ಆಯಿಗಳೇ, ಎಲ್ಲರಿಗೂ ನಮಸ್ಕಾರ.

ಮೂರರಿಂದ ಏಳು ವರ್ಷದ ಮಕ್ಕಳ ಕೈಗೆ ಬಣ್ಣ ಕೊಡುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ನನ್ನ ಮಾತು ಒಂದೇ: ದೊಡ್ಡವರ ಕೆಲಸ ಮಗು ಕೂರುವ ಮೊದಲೇ ಮುಗಿದಿರಬೇಕು. ಕಾಗದ ಯಾವುದು, ಬಣ್ಣ ಎಷ್ಟು ತೆಳುವಾಗಿರಬೇಕು, ಅಂಟು ಒಣಗುತ್ತದೋ ಇಲ್ಲವೋ, ಇದೆಲ್ಲ ನಮ್ಮ ತಲೆನೋವು. ಮಗು ಕುಂಚ ಹಿಡಿದ ಮೇಲೆ ನಾವು ಸುಮ್ನೆ ಇರಬೇಕು.

ನಮ್ಮಲ್ಲಿ ಆಗುವುದು ಉಲ್ಟಾ. ಸಾಮಾನು ಸರಿ ಇರುವುದಿಲ್ಲ, ಕೈ ಹಿಡಿದು ಬರೆಸುವುದು ಮಾತ್ರ ಜೋರು. ಗೋಡೆ ಮೇಲೆ ಸಾಲಾಗಿ ಚಿತ್ರ, ಎಲ್ಲದರಲ್ಲೂ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ಮನೆ. 2024ರಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಾಗ ಮಕ್ಕಳ ಬಾಯಲ್ಲೆಲ್ಲ ಅದೇ ಸುದ್ದಿ. ಗೋಡೆ ಮೇಲೆ ಹುಡುಕಿದರೆ ಒಂದು ಸೇತುವೆಯೂ ಇಲ್ಲ, ಬೈತಕೋಲ ಬಂದರಿನ ದೋಣಿಯೂ ಇಲ್ಲ. ಅದನ್ನು ಬರೆಯಲು ಯಾರೂ ಬಿಟ್ಟಿರಲಿಲ್ಲ, ಅಷ್ಟೇ.

ಸುಲಭದ್ದರಿಂದ ಶುರು ಮಾಡೋಣ. ಕ್ರೆಯಾನ್ ಡಬ್ಬಿಯಲ್ಲಿ ಬಿಳಿ ಕಡ್ಡಿ ಮಾತ್ರ ಯಾವಾಗಲೂ ಹೊಸದಾಗೇ ಉಳಿದಿರುತ್ತದೆ, ಗಮನಿಸಿದ್ದೀರಾ? ಅದನ್ನು ಕೊಡಿ. ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ಗಟ್ಟಿಯಾಗಿ ಒತ್ತಿ ಗೀಚಲಿ. ಏನೂ ಕಾಣಿಸುವುದಿಲ್ಲ. ಆಮೇಲೆ ಮೇಲಿಂದ ತೆಳು ನೀಲಿ ವಾಟರ್ ಕಲರ್ ಬಳಿಯಲಿ. ಮೇಣ ನೀರನ್ನು ಹಿಡಿಯುವುದಿಲ್ಲ, ಹಾಗಾಗಿ ಗೀಚಿದ್ದೆಲ್ಲ ಬೆಳ್ಳಗೆ ಎದ್ದು ಬರುತ್ತದೆ. ಕ್ರೆಯಾನ್ ತುಂಡಾಗಿದ್ದರೆ ಇನ್ನೂ ಒಳ್ಳೇದು. ಮೋಟು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಹಿಡಿತವೂ ಅದೇ.

ಅದೇ ನೀಲಿ ಇನ್ನೂ ಹಸಿಯಾಗಿ ಹೊಳೆಯುತ್ತಿರುವಾಗ ನಾಲ್ಕು ಹರಳುಪ್ಪು ಉದುರಿಸಿ. ಪುಡಿ ಉಪ್ಪಿಗಿಂತ ಸಾಣಿಕಟ್ಟಾದಂಥ ಉಪ್ಪಿನ ಗದ್ದೆಯ ದಪ್ಪ ಹರಳು ಚೆನ್ನ. ಹರಳು ತನ್ನ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ, ನೀರಿನ ಜೊತೆ ಬಣ್ಣವೂ ಸರಿಯುತ್ತದೆ. ಒಣಗಿದ ಮೇಲೆ ಉಪ್ಪು ಕೊಡವಿದರೆ ತಿಳಿ ಚುಕ್ಕೆ, ಅದರ ಸುತ್ತ ಸಣ್ಣ ಸಣ್ಣ ಗರಿ. ಬಣ್ಣ ಕೊಚ್ಚೆಯ ಹಾಗೆ ನಿಂತಿದ್ದರೆ ಉಪ್ಪು ಕರಗಿ ಹೋಗುತ್ತದೆ, ಪೂರ್ತಿ ಒಣಗಿದ್ದರೆ ಏನೂ ಆಗುವುದಿಲ್ಲ. ಇನ್ನೊಂದು ಮಾತು, ಇದನ್ನು ಜೂನ್, ಜುಲೈನಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರು ಬಿಡುತ್ತದೆ, ಇನ್ನು ಕಾಗದದ ಮೇಲಿನದು ಒಣಗುವುದು ಯಾವಾಗ? ದೀಪಾವಳಿ ಕಳೆಯಲಿ.

ಇನ್ನು ಕಾವಿ ಕಲೆ. ಅಂಕೋಲಾ, ಗೋಕರ್ಣದ ಕಡೆಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ಕೆಂಪು ಬಿಳಿ ಚಿತ್ತಾರ ನೋಡಿರುತ್ತೀರಿ. ಕೆಳಗೆ ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ. ಹಸಿ ಇರುವಾಗಲೇ ಮೇಲಿನ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಕಾಣುತ್ತದೆ. ಅಂದರೆ ಅಲ್ಲಿ ಬಣ್ಣ ಹಚ್ಚಿ ಚಿತ್ರ ಮಾಡುವುದಿಲ್ಲ, ಬಣ್ಣ ತೆಗೆದು ಮಾಡುತ್ತಾರೆ. ಮಕ್ಕಳಿಗೆ ಇದು ಭಾರೀ ಖುಷಿ, ಕೆರೆಯಬೇಡ ಎಂದು ದಿನಾ ಬೈಸಿಕೊಳ್ಳುವವರು ಅವರು! ರಟ್ಟಿನ ಮೇಲೆ ಬಿಳಿ ಕ್ರೆಯಾನ್ ದಪ್ಪಗೆ ಬಳಿಸಿ. ಮೇಲೆ ಕೆಂಪು ಮತ್ತು ಕಂದು ಬೆರೆಸಿದ ಪೋಸ್ಟರ್ ಕಲರ್. ಬರೀ ಬಣ್ಣ ಮೇಣದ ಮೇಲೆ ನಿಲ್ಲದೆ ಜಾರುತ್ತದೆ, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸೇರಿಸಿ. ಕೈಗೆ ಅಂಟದಷ್ಟು ಒಣಗಿದ ಮೇಲೆ ಐಸ್‌ಕ್ಯಾಂಡಿ ಕಡ್ಡಿ ಕೊಟ್ಟುಬಿಡಿ. ಬಿಸಿಲಿಗೆ ಇಟ್ಟು ಪೂರ್ತಿ ಒಣಗಿಸಿದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ. ದೇವಸ್ಥಾನದ ಬಳ್ಳಿಯನ್ನೇ ಬರೆ ಅನ್ನಬೇಡಿ. ಏಡಿ ಬರೆದರೆ ಏಡಿ.

ಮರಳು, ಚಿಪ್ಪು ಅಂಟಿಸುವುದು ಇಲ್ಲಿ ಎಲ್ಲರೂ ಮಾಡಿಸುತ್ತಾರೆ, ಮುಕ್ಕಾಲು ಪಾಲು ಉದುರಿಯೂ ಹೋಗುತ್ತದೆ. ದೋಷ ಅಂಟಿನದಲ್ಲ. ಟ್ಯಾಗೋರ್ ಬೀಚಿನಿಂದ ತಂದ ಮರಳಿನಲ್ಲಿ ಉಪ್ಪು ಇರುತ್ತದೆ, ಅದು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದು ಇಟ್ಟುಕೊಳ್ಳಿ. ಚಿಪ್ಪಿಗಾಗಿ ದಂಡೆಗೆ ಹೋಗುವುದೂ ಬೇಡ. ಬಳಚು ಸಾರು ಮಾಡಿದ ಮಾರನೇ ದಿನ ಎಷ್ಟು ಬೇಕೋ ಅಷ್ಟು ಸಿಗುತ್ತದೆ, ತಿಕ್ಕಿ ತೊಳೆಯಬೇಕು ಅಷ್ಟೇ. ಕಾಗದಕ್ಕೆ ಮೈದಾ ಅಂಟು ಸಾಕು, ಚಿಪ್ಪಿಗೆ ಫೆವಿಕಾಲ್ ಬೇಕು. ಮೈದಾ ಅಂಟಿಗೆ ಹುಳ ಬೀಳದಿರಲೆಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ. ಬೇಕಾದಷ್ಟೇ ಕಾಯಿಸಿ, ಉಳಿದದ್ದನ್ನು ಚೆಲ್ಲಿ. ಹಾಗೆಯೇ ಹಸಿ ಗೇರುಬೀಜ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಅದರ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ.

ಕೆಲವು ಮಕ್ಕಳಿಗೆ ಚಿಪ್ಪೂ ಬೇಡ, ಮರಳೂ ಬೇಡ. ಅಂಗೈಗೆ ಫೆವಿಕಾಲ್ ಬಳಿದುಕೊಂಡು, ಒಣಗಿದ ಮೇಲೆ ಸಿಪ್ಪೆ ಸುಲಿಯುತ್ತಾ ಕೂರುತ್ತಾರೆ. ಕೂರಲಿ ಬಿಡಿ.

ಅಡುಗೆಮನೆಯಲ್ಲೂ ಬಣ್ಣ ಇದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ನೀರು ಮಾಡುವವರಿಗೆಲ್ಲ ಗೊತ್ತು. ಮಕ್ಕಳಿಗೆ ಸುಣ್ಣ ಬೇಡ, ಕಣ್ಣಿಗೆ ಅಪಾಯ. ಅಡುಗೆ ಸೋಡಾ ಸಾಕು. ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿಡಿ. ಸೋಡಾ ಕದಡಿದ ನೀರಿನಲ್ಲಿ ಇಯರ್ ಬಡ್ ಅದ್ದಿ ಮಗು ಗೆರೆ ಎಳೆದರೆ ಹಳದಿಯ ಮೇಲೆ ಕೆಂಗೆರೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ನೇರಳೆ ಬಣ್ಣ ಬೇಕಾದರೆ ಹಿತ್ತಲಿನ ಬಸಳೆ ಹಣ್ಣು ಹಿಂಡಿ. ಇವು ಬಿಸಿಲಿಗೆ ಬೇಗ ಮಾಸುತ್ತವೆ, ಆದ್ದರಿಂದ ಕಿಟಕಿ ಪಕ್ಕ ತೂಗು ಹಾಕಬೇಡಿ. ಕುಂಚಕ್ಕೂ ದುಡ್ಡು ಬೇಡ. ಸಿದ್ದಾಪುರದ ಕಡೆ ಮನೆ ಗೋಡೆಗೆ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರು ಪುಂಡಿ ನಾರಿನ ಕುಂಚ ಮಾಡಿಕೊಳ್ಳುತ್ತಾರೆ. ನಮಗೆ ತೆಂಗಿನ ಸಿಪ್ಪೆಯ ತುದಿ ಜಜ್ಜಿದರೂ ನಡೆಯುತ್ತದೆ.

“ಇದೇನು ಬರೀ ಗೀಚಿದೆ?” ಎಂದು ಕೇಳುವ ಪಾಲಕರಿಗೆ ಒಂದು ಮಾತು. ಎರಡು ಮೂರು ವರ್ಷಕ್ಕೆ ಗೀಚುವುದೇ ಚಿತ್ರ. ಆಮೇಲೆ ತಲೆಯಿಂದ ನೇರ ಕಾಲು ಹೊರಟ ಮನುಷ್ಯ ಬರುತ್ತಾನೆ, ಹೊಟ್ಟೆ ನಿಧಾನಕ್ಕೆ ಬರುತ್ತದೆ. ನಾವು ಹೊಟ್ಟೆ ತುಂಬಿಸಲು ಅವಸರ ಮಾಡಬಾರದು. ರವೀಂದ್ರನಾಥ ಟ್ಯಾಗೋರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದಿದ್ದು, ಆಗ ಅವರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದದ್ದು ನಿಮಗೆ ಗೊತ್ತೇ ಇದೆ. ಅವರು ಚಿತ್ರ ಬರೆಯಲು ಕೂತದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಬೇಡವಾದ ಸಾಲು ಹೊಡೆದು ಹಾಕುತ್ತಾ, ಆ ಗೀಚುಗಳನ್ನೇ ಒಂದಕ್ಕೊಂದು ಜೋಡಿಸುತ್ತಾ ಹಕ್ಕಿ, ಪ್ರಾಣಿ ಮಾಡಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ಆಯಿತು. ನಿಮ್ಮ ಮಗನ ಗೀಚು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಕಸದ ಬುಟ್ಟಿಗೆ ಹೋಗದಿದ್ದರೆ ಸಾಕು.

“ಇದು ಏನು?” ಅನ್ನುವ ಬದಲು “ಇಲ್ಲಿ ಏನಾಯ್ತು ಹೇಳು” ಅನ್ನಿ. ಹೇಳಿದ್ದನ್ನು ಕಾಗದದ ಹಿಂದೆ ತಾರೀಖಿನ ಜೊತೆ ಬರೆದಿಡಿ. ಮುಂದೆ ಬರೆಯಬೇಡಿ, ಆ ಜಾಗ ನಮ್ಮದಲ್ಲ.

ಹೊರಗೆ ಜಗುಲಿಯಲ್ಲಿ ಬಣ್ಣ, ಉಪ್ಪು, ತೊಳೆದ ಮರಳು ಎಲ್ಲಾ ಇಟ್ಟಾಗಿದೆ. ಈಗ ಅರ್ಧ ಗಂಟೆ ಮಕ್ಕಳು ಕೂರಲಿ. ದೊಡ್ಡವರು ಗೋಡೆ ಬದಿಗೆ ನಿಂತು ನೋಡಬಹುದು, ಬಾಯಿ ಹಾಕುವಂತಿಲ್ಲ. ಚಹಾ ಆಮೇಲೆ.